ಅಣ್ಣಯ್ಯನ ಎರಡನೇ ಹಾರಾಟ

ನಮ್ಮ ಅಣ್ಣಯ್ಯನಿಗೆ ಹಾರಲು ಬರುತ್ತಿತ್ತು. ನಗಬೇಡಿ! ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟನಾಗಿ "ಸಾಗರ, ಸಾಗರ, ಸಾಗರ" ಎಂದು ಗಂಟಲು ಹರಿಯುವಂತೆ ಕೂಗಿ ಬಸ್ಸಿಗೆ ಜನ ತುಂಬಿಸುತ್ತಿದ್ದ ಮನುಷ್ಯ ಒಂದು ಸಾಯಂಕಾಲ ಹಾರಿದ್ದನ್ನು ಮೂರು ತಾಲ್ಲೂಕಿನ ಜನ ಕಣ್ಣಾರೆ, ಅಂದರೆ ಟೀವಿಯಾರೆ, ನೋಡಿದ್ದಾರೆ. ಅವನು ಎರಡನೇ ಸಲ ಹಾರಲು ಹೊರಟಾಗ ತಂಗಿಯಾದ ನಾನು ಮಾಡಬೇಕಾಗಿದ್ದ ಸಹಾಯ ಬಹಳ ಸಣ್ಣದು. ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದರೆ ಸಾಕಿತ್ತು. ಹಸೆಮಣೆಯ ಮೇಲೆ ಕೂತ ಮದುಮಗಳಿಗೆ ಅದಕ್ಕಿಂತ ಸುಲಭದ ಕೆಲಸ ಇದೆಯೇ? ಅಷ್ಟೂ ನನ್ನಿಂದ ಆಗಲಿಲ್ಲ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳು ನಾನು. ಬರೆಯುವುದಕ್ಕಿಂತ ಹೊಲಿಯುವುದು ಚೆನ್ನಾಗಿ ಬರುತ್ತದೆ. ಅಲ್ಲಲ್ಲಿ ಸೊಟ್ಟಗಾದರೆ ಸಹಿಸಿಕೊಳ್ಳಿ.

ಮದುವೆಗೆ ವಿಡಿಯೋ ತೆಗೆಸುವುದು ನಮ್ಮ ಕಡೆ ಆಗಷ್ಟೇ ಶುರುವಾಗಿತ್ತು. ತೀರ್ಥಹಳ್ಳಿಯ ಸ್ಟುಡಿಯೋದವರೊಬ್ಬರು ಹೆಗಲ ಮೇಲೆ ಹೊರುವಂಥ ಕ್ಯಾಮೆರಾ ತರಿಸಿದ್ದರು. ಅವರ ಹಿಂದೆ ವೈರು ಎಳೆದುಕೊಂಡು, ಕಣ್ಣು ಕುಕ್ಕುವ ಲೈಟು ಹಿಡಿದು ಓಡಾಡಲು ಒಬ್ಬ ಬೇಕಾಗಿತ್ತು. ಬಸ್‌ಸ್ಟ್ಯಾಂಡಿಗೆ ರಜೆ ಹಾಕಿ ಅಣ್ಣಯ್ಯ ಹೋಗುತ್ತಿದ್ದ. ಸಂಬಳವೆಂದರೆ ಊಟ, ಅದೂ ಕೊನೆಯ ಪಂಕ್ತಿಯಲ್ಲಿ. ತೀರ್ಥಹಳ್ಳಿ ಹತ್ತಿರದ ಒಂದು ಮದುವೆಯಲ್ಲಿ ದಿಬ್ಬಣ ಹೊರಟ ಮೇಲೂ ಕ್ಯಾಸೆಟ್ಟಿನಲ್ಲಿ ಸ್ವಲ್ಪ ಟೇಪು ಉಳಿಯಿತು. ಖಾಲಿ ಬಿಟ್ಟರೆ "ಪೂರ್ತಿ ಕ್ಯಾಸೆಟ್ಟಿಗೆ ಮಾತಾಡಿದ್ವಲ್ಲ" ಎಂದು ಮನೆಯವರು ತಗಾದೆ ತೆಗೆಯುತ್ತಾರೆ. "ಎಂಥಾದ್ರೂ ಮಾಡು ಮಾರಾಯ, ತುಂಬ್ಸುವ" ಅಂದರಂತೆ ಸ್ಟುಡಿಯೋದವರು.

ಅಷ್ಟೇ ಸಾಕಾಯಿತು! ಹಾರುವ ಹೀರೋಗಳ ಸಿನಿಮಾ ಯಾವುದು ಸಾಗರದ ಟಾಕೀಸಿಗೆ ಬಂದರೂ ಮುಂದಿನ ಬೆಂಚಿನಲ್ಲಿ ಕೂತು ಕುತ್ತಿಗೆ ನೋಯಿಸಿಕೊಂಡು ಬಂದವನು ಅವನು. ಮೇಜಿಗೆ ಹಾಸಿದ್ದ ಕೆಂಪು ಬಟ್ಟೆ ಎಳೆದು ಹೆಗಲಿಗೆ ಕಟ್ಟಿಕೊಂಡ. ಕೊಟ್ಟಿಗೆಯ ಮಾಡು ಹತ್ತಿದ. ಕೆಳಗೆ ಹಸುವೊಂದು ಮಂಟಪಕ್ಕೆ ಕಟ್ಟಿದ್ದ ಬಾಳೆಕಂಬ ತಿನ್ನುತ್ತಿತ್ತು. ಅದೇ ವಿಲನ್. ತಾನು ವಿಲನ್ ಎಂದು ಯಾರೂ ಹೇಳದೆ ಇದ್ದುದರಿಂದ ಅದು ಬಹಳ ಸಹಜವಾಗಿ ಅಭಿನಯಿಸಿತು. ಅಣ್ಣಯ್ಯ ಮಾಡಿನಿಂದ ಹುಲ್ಲಿನ ರಾಶಿಗೆ ಹಾರಿದ. ಹಸು ಬಾಲ ಎತ್ತಿಕೊಂಡು ಓಡಿತು. ಬಾಳೆಕಂಬ ಉಳಿಯಿತು. ಲೋಕಕಲ್ಯಾಣ!

ಆ ಕ್ಯಾಸೆಟ್ಟು ನೆಂಟರ ಕೈಯಿಂದ ನೆಂಟರ ಕೈಗೆ ದಾಟಿ ಹೊಸನಗರಕ್ಕೆ ಬಂತು, ಸಾಗರಕ್ಕೂ ಹೋಯಿತು. ಎಲ್ಲ ಕಡೆ ಒಂದೇ ಮಾತು: "ಧಾರೆ ಓಡ್ಸಿ, ಊಟ ಓಡ್ಸಿ, ಹಾರೋನು ಬರ್ಲಿ!" ಆ ಮದುಮಗಳ ಅಜ್ಜಿ, "ನನ್ನ ಮೊಮ್ಮಗಳ ಮುಖ ನೋಡೋಕೆ ಒಬ್ರಿಗೂ ಪುರುಸೊತ್ತಿಲ್ಲ" ಎಂದು ಬೈಯುತ್ತಿದ್ದರಂತೆ.

ಆದರೆ ಒಂದು ಐಬಿತ್ತು. ಸ್ಟುಡಿಯೋದವರು ಹಾರಾಟವನ್ನೇನೋ ಹಿಡಿದಿದ್ದರು, ಅಣ್ಣಯ್ಯನ ತಲೆಯನ್ನು ಹಿಡಿದಿರಲಿಲ್ಲ. ಮಾಡು ಹತ್ತುವಾಗಿನಿಂದ ಹುಲ್ಲಿನಲ್ಲಿ ಹೂತುಹೋಗುವವರೆಗೆ ಕುತ್ತಿಗೆಯಿಂದ ಕೆಳಗಿನ ಅಣ್ಣಯ್ಯ ಮಾತ್ರ ಕಾಣುತ್ತಿದ್ದ. "ಅದು ನಾನೇ ಮಾರಾಯ್ರೆ" ಎಂದು ಅವನು ಬಸ್‌ಸ್ಟ್ಯಾಂಡಿನಲ್ಲಿ ಎದೆ ತಟ್ಟಿಕೊಂಡರೆ ನಂಬುವವರೇ ಇಲ್ಲ!

"ನೀನಾ? ಸುಮ್ನಿರೋ. ಅವ್ನು ನಿನಗಿಂತ ಎತ್ತರ ಇದಾನೆ" ಅಂದ ಒಬ್ಬ ಕಂಡಕ್ಟರ್.

"ಅವ್ನಿಗೆ ತಲೆನೇ ಇಲ್ಲ. ಎತ್ತರ ಹೆಂಗೆ ಅಳೆದ್ಯೋ?"

"ಅದೇ ಹೇಳ್ತಿರೋದು. ತಲೆ ಇಲ್ದೆನೇ ಅಷ್ಟು ಎತ್ತರ ಇದಾನೆ!"

ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ. "ಎರಡನೇ ಭಾಗ ತೆಗೀಬೇಕು ತಂಗಿ. ಈ ಸಲ ಮುಖ ಬರ್ಬೇಕು. ಅದಕ್ಕೆ ಸರಿಯಾದ ಡೈರೆಕ್ಟರ್ ಬೇಕು" ಅಂದ.

"ಸ್ಟುಡಿಯೋದವರು ಇದಾರಲ್ಲ?"

"ಕ್ಯಾಮೆರಾದವನು ಡ್ರೈವರ್ ಇದ್ದಂಗೆ. ಎಲ್ಲಿ ನಿಲ್ಸು, ಯಾರನ್ನ ಹತ್ತಿಸ್ಕೋ ಅಂತ ಹೇಳೋಕೆ ಬೇರೆಯವ್ನು ಬೇಕು. ಡೈರೆಕ್ಟರ್ ಅಂದ್ರೆ ಸಿನಿಮಾದ ಏಜೆಂಟ್."

"ಹಂಗಾದ್ರೆ ನೀನೇ ಆಗು."

"ಹಾರೋನೇ ಸೀಟಿ ಊದಕ್ಕಾಗುತ್ತೇನೇ?"

ಅವತ್ತಿನಿಂದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಡೈರೆಕ್ಟರುಗಳ ಪರೀಕ್ಷೆಯ ಜಾಗವಾಯಿತು. ಬಸ್ಸು ಕಾಯುತ್ತಾ ಕೂತವರಲ್ಲಿ ಯಾರಿಗೆ ಸ್ವಲ್ಪ ಅಧಿಕಾರದ ದನಿ ಇದೆಯೋ ಅವರಿಗೆ ಅಣ್ಣಯ್ಯ ಒಂದೇ ಪ್ರಶ್ನೆ ಹಾಕುತ್ತಿದ್ದ: "ಒಬ್ಬ ಒಂದ್ಸಲ ಹಾರಿ ಆಗಿದೆ. ಎಲ್ರೂ ನೋಡಿ ಆಗಿದೆ. ಎರಡನೇ ಸಲ ಅವ್ನು ಯಾತಕ್ಕೆ ಹಾರ್ಬೇಕು?"

ಪ್ರಶ್ನೆ ಕೇಳಿ ನಾನು ಮೊದಲು ನಕ್ಕೆ. ಆಮೇಲೆ ಮಿಷನ್ನು ತುಳಿಯುವಾಗ ಅದೇ ತಲೆಯಲ್ಲಿ ಸುತ್ತತೊಡಗಿತು. ಹೌದಲ್ಲ, ಯಾತಕ್ಕೆ? ಮೊದಲನೇ ಸಲ ಹಾರಿದರೆ ಆಶ್ಚರ್ಯ, ಎರಡನೇ ಸಲ ಹಾರಿದರೆ ಅಭ್ಯಾಸ. ಕಾಗೆ ದಿನಾ ಹಾರುತ್ತದೆ, ಯಾರು ತಲೆಯೆತ್ತಿ ನೋಡುತ್ತಾರೆ? ಒಂದೊಂದು ಸಲ ರವಿಕೆಯ ತೋಳು ತಿರುಗಾಮುರುಗಾ ಕೂರಿಸುವಷ್ಟು ಯೋಚಿಸಿದ್ದೇನೆ. ಉತ್ತರ ಹೊಳೆಯಲಿಲ್ಲ.

ಪರೀಕ್ಷೆಗೆ ಸಿಕ್ಕಿದ ಮೊದಲನೆಯವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. "ಯಾತಕ್ಕಾದ್ರೂ ಹಾರ್ಲಿ. ಆದ್ರೆ ಹಾರೋಕೆ ಮುಂಚೆ ಸಾವಧಾನ್, ವಿಶ್ರಾಮ್ ಆಗ್ಬೇಕು. ಶಿಸ್ತಿಲ್ದೆ ಹಾರಿದ್ರೆ ಅದು ಬೀಳೋದು!" ಎಂದು ಅಲ್ಲೇ ಎದ್ದು ನಿಂತು ತೋರಿಸಿದರು. ಅವರು ಎಡಕ್ಕೆ ತಿರುಗಿ ಬಲಕ್ಕೆ ತಿರುಗುವಷ್ಟರಲ್ಲಿ ಅವರ ತೀರ್ಥಹಳ್ಳಿ ಬಸ್ಸು ಹೊರಟುಹೋಗಿತ್ತು. ಅಣ್ಣಯ್ಯನಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಪರೀಕ್ಷೆ ಮುಗಿದಿರಲಿಲ್ಲವಲ್ಲ!

ಇನ್ನೊಂದು ದಿನ ಯಕ್ಷಗಾನದ ಭಾಗವತರೊಬ್ಬರು ಸಿಕ್ಕರು. ಅವರು ಪ್ರಶ್ನೆಯನ್ನು ಕಣ್ಣು ಮುಚ್ಚಿ ಕೇಳಿದರು. "ಮೊದ್ಲು ತೆರೆ ಹಿಡೀಬೇಕು. ಒಡ್ಡೋಲಗ ಆಗ್ಬೇಕು. ತಾನು ಯಾರು, ಯಾವ ಲೋಕದವನು, ಇಲ್ಲಿಗೆ ಯಾಕೆ ಬಂದೆ ಅಂತ ಅವನೇ ಅರ್ಥ ಹೇಳ್ಬೇಕು" ಅಂದರು.

"ಹಾರೋದು ಯಾವಾಗ ಭಾಗವತ್ರೆ?"

"ಬೆಳಗಿನ ಜಾವಕ್ಕೆ."

ಮದುವೆ ಕ್ಯಾಸೆಟ್ಟಿನ ಬಾಲದಲ್ಲಿ ಉಳಿಯುವ ಟೇಪಿಗೆ ಬೆಳಗಿನ ಜಾವ ಎಲ್ಲಿಂದ ತರುವುದು? ಅವರೂ ಫೇಲಾದರು.

ಕೊನೆಗೆ ಪಾಸಾದವರು ಅಡುಗೆ ಭಟ್ಟರು. ಮೂರು ತಾಲ್ಲೂಕಿನ ಮದುವೆಗಳಿಗೆ ಅಡುಗೆ ಮಾಡುತ್ತಿದ್ದ, ಮಾಡಿದ್ದಕ್ಕಿಂತ ಹೆಚ್ಚು ಹೇಳಿಕೊಳ್ಳುತ್ತಿದ್ದ ಭಾರಿ ಗತ್ತಿನ ಮನುಷ್ಯ. ಕೊಪ್ಪರಿಗೆ, ಸೌಟುಗಳನ್ನು ಬಸ್ಸಿನ ಟಾಪಿಗೆ ಹಾಕಿಸುತ್ತಾ, ಕೆಳಗೆ ನಿಂತೇ ಉತ್ತರ ಕೊಟ್ಟರು: "ಎಂಥ ಪ್ರಶ್ನೆ ಮಾರಾಯ ನಿಂದು! ಹಾರಿದ್ದು ಜನ ನೋಡಿ ಆಯ್ತು. ಹಾರೋಕೆ ಮುಂಚೆ ಅವನಿಗೆ ಹೆದ್ರಿಕೆ ಆಗ್ತದಾ ಇಲ್ವಾ, ಅದು ಯಾರಿಗಾದ್ರೂ ಗೊತ್ತುಂಟಾ? ಅದನ್ನ ತೋರ್ಸು. ಹೆದ್ರೋದನ್ನ ಹತ್ರದಿಂದ ತೋರ್ಸು. ಆಮೇಲೆ ಹಾರಿಸು. ನಾನು ಪಾಯಸ ಬಡಿಸೋದೂ ಹಾಗೇ. ಪಾಯಸ ಇಲ್ವೇನೋ ಅಂತ ಜನ ಹೆದ್ರಿದ ಮೇಲೇ ಬಡಿಸೋದು."

ಹೆದರುವುದು ಎಂದರೆ ಮುಖ! ಅಣ್ಣಯ್ಯ ಟಾಪಿನ ಮೇಲಿನ ಕೊಪ್ಪರಿಗೆಗೇ ಕೈಮುಗಿದ.

ಡೈರೆಕ್ಟರು ಸಿಕ್ಕಿದ್ದಾಯಿತು. ಉಳಿದದ್ದು ಒಂದು ಮದುವೆ. ಅಷ್ಟರಲ್ಲಿ ನನಗೆ ಸಾಗರದ ಗಂಡು ಗೊತ್ತಾಯಿತು. ಮನೆಯಲ್ಲಿ ಎಲ್ಲರೂ ಒಡವೆ, ಜವಳಿ, ಚಪ್ಪರ ಎಂದು ಚಿಂತೆ ಮಾಡುತ್ತಿದ್ದರೆ ಅಣ್ಣಯ್ಯನ ಕಣ್ಣು ಕ್ಯಾಸೆಟ್ಟಿನ ಕೊನೆಯ ಮೇಲೆ. "ಬಾಲದಷ್ಟು ಟೇಪು ನಂದು. ಭಾಷೆ ಕೊಡು" ಎಂದು ಕೈ ಚಾಚಿದ. ಕೊಟ್ಟೆ. ಹೆಗಲಿಗೆ ಕಟ್ಟಲು ಕೆಂಪು ಸ್ಯಾಟಿನ್ ಬಟ್ಟೆಯನ್ನೂ ನಾನೇ ಹೊಲಿದುಕೊಟ್ಟೆ. ಅಂಚಿಗೆ ಜರಿ ಕೂಡಾ ಇಟ್ಟಿದ್ದೆ.

ಮದುವೆಯ ಬೆಳಗ್ಗೆ ನನಗೆ ಹೂ ಮುಡಿಸುತ್ತಿದ್ದ ಸೋದರತ್ತೆ ಹೇಳಿದಳು: "ನಿನ್ನ ಅಣ್ಣ ಮಾಡಿನಿಂದ ಹಾರ್ತಾನಂತಲ್ಲೇ! ಸಾಗರದವರು ದೊಡ್ಡ ಮನೆತನದವರು. ಹೆಣ್ಣಿನ ಕಡೆ ಹುಚ್ಚು ಇದೆ ಅಂತ ತಿಳ್ಕೊಂಡ್ರೆ?"

ಆ ಮಾತು ಒಳಗೆ ಇಳಿದು ಕೂತುಬಿಟ್ಟಿತು. ಧಾರೆಯ ಮಂತ್ರ ಒಂದೂ ಕೇಳಿಸಲಿಲ್ಲ. ಧಾರೆ ಮುಗಿದ ಮೇಲೆ ಒಳಕೋಣೆಗೆ ಫೋಟೋಕ್ಕೆಂದು ಬಂದ ಸ್ಟುಡಿಯೋದವರನ್ನು ಹತ್ತಿರ ಕರೆದೆ. "ಬೀಗರ ಕಡೆಯವರು ಊಟ ಮಾಡೋದನ್ನ ಒಬ್ಬೊಬ್ಬರದೇ ತೆಗೀರಿ. ಯಾರನ್ನೂ ಬಿಡ್ಬೇಡಿ. ಟೇಪು ಮುಗಿಯೋ ತನಕ ತೆಗೀರಿ."

"ಮತ್ತೆ ನಿಮ್ಮಣ್ಣಂದು?"

"ಅದೆಲ್ಲ ಬೇಡ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಅವರು ಹಾಗೇ ಮಾಡಿದರು. ಅತ್ತ ಅಣ್ಣಯ್ಯ ಲೈಟನ್ನು ಬೇರೊಬ್ಬರ ಕೈಗೆ ಕೊಟ್ಟು, ಕೆಂಪು ಬಟ್ಟೆ ಕಟ್ಟಿಕೊಂಡು ಕೊಟ್ಟಿಗೆಯ ಮಾಡಿನ ಮೇಲೆ ಕೂತಿದ್ದ. ಕೆಳಗೆ, ನಮ್ಮ ಮದುವೆಯ ಅಡುಗೆಗೂ ಬಂದಿದ್ದ ಭಟ್ಟರು ಸೌಟು ಎತ್ತಿ ಹಿಡಿದು "ಹೆದ್ರು! ಸಾಲ್ದು, ಇನ್ನೂ ಹೆದ್ರು!" ಎಂದು ಅಭ್ಯಾಸ ಮಾಡಿಸುತ್ತಿದ್ದರು. ಬಡಿಸುವವರು ಸಾರಿಗಾಗಿ ಕಾಯುತ್ತಿದ್ದರೂ ಡೈರೆಕ್ಟರು ಕದಲಲಿಲ್ಲ. ಕೊನೆಗೆ ಸ್ಟುಡಿಯೋದವರು ಬಂದು ನೆಲ ನೋಡುತ್ತಾ ಹೇಳಿದರು: "ಟೇಪು ಮುಗೀತು ಮಾರಾಯ. ಊಟದ್ದೇ ಜಾಸ್ತಿ ಆಯ್ತು."

ಅಣ್ಣಯ್ಯ ಮಾಡಿನ ಮೇಲಿನಿಂದ ಭಟ್ಟರನ್ನು ನೋಡಿದ. "ಓಹೋ! ನಿಮ್ಮ ಹೋಳಿಗೆ ಮೆರೆಸೋಕೆ ಡೈರೆಕ್ಟರ್ ಆಗಿದ್ರಾ ಭಟ್ರೇ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ! ನಾನು ಪಂಕ್ತಿ ಹತ್ರ ಹೋಗ್ಲೇ ಇಲ್ಲ. ಇಲ್ಲೇ ನಿಂತು ನಿನ್ನ ಹೆದ್ರಿಸ್ತಾ ಇದ್ದೆ!"

"ಹೆದ್ರಿಸಿದ್ದಲ್ಲ, ಮೋಸ ಮಾಡಿದ್ದು!"

ದಿಬ್ಬಣ ಹೊರಡಲು ನಾನು ಅಂಗಳಕ್ಕೆ ಬಂದು ನಿಂತಿದ್ದೆ. ಪ್ರತಿಯೊಂದು ಮಾತೂ ಕಿವಿಗೆ ಬಿತ್ತು. ನಾನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಅಳಲು ಶುರುಮಾಡಿದೆ. ತವರು ಬಿಡುವ ದುಃಖವೆಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಅಣ್ಣಯ್ಯನೂ ಮಾಡಿನಿಂದ ಇಳಿದು ಬಂದು, "ಅಳ್ಬೇಡ. ಡೈರೆಕ್ಟರ್ ಆರಿಸೋದ್ರಲ್ಲಿ ನಾನೇ ತಪ್ಪಿದೆ" ಎಂದು ನನ್ನನ್ನೇ ಸಮಾಧಾನ ಮಾಡಿದ! ಆಮೇಲೆ ಅವನು ಹಾರುವ ಮಾತೆತ್ತಲಿಲ್ಲ. ಭಟ್ಟರ ಜೊತೆ ಮಾತೂ ಬಿಟ್ಟ.

ಕೆಲವು ವಾರದ ಮೇಲೆ ಕ್ಯಾಸೆಟ್ಟು ಸಾಗರಕ್ಕೆ ಬಂತು. ನಮ್ಮ ಮಾವ ಟೀವಿ, ವೀಸಿಪಿ ಬಾಡಿಗೆಗೆ ತರಿಸಿ, ಕೇರಿಯವರನ್ನೆಲ್ಲ ಕರೆದು, ತಾವು ಎಲ್ಲರಿಗಿಂತ ಮುಂದೆ ಕೂತರು. ದೇವರ ಸಮಾರಾಧನೆಯಿಂದ ಶುರುವಾಗಿ ಧಾರೆ ಮುಗಿಯಿತು. ಊಟ ಬಂತು. ಬೀಗರು ಅನ್ನ ಕಲಸಿದರು, ಹೋಳಿಗೆ ಮುರಿದರು, ಮಜ್ಜಿಗೆ ಸುರಿದರು. ನೋಡುತ್ತಾ ಕೂತ ಕೇರಿಯವರಲ್ಲಿ ಯಾರೂ ಏಳಲಿಲ್ಲ. ಎಷ್ಟು ಮರ್ಯಾದಸ್ಥ ಜನ ಅಂದುಕೊಂಡೆ. ಒಬ್ಬರು ಕೈ ತೊಳೆಯಲು ಎದ್ದಲ್ಲಿಗೆ ಚಿತ್ರ ನಿಂತು ಟೀವಿ ತುಂಬ ಚುಕ್ಕೆ ಬಂತು.

ಮಾವ ನನ್ನ ಕಡೆ ತಿರುಗಿದರು. "ಎಲ್ಲಿ?"

"ಏನು ಮಾವ?"

"ಹಾರೋನು! ಹಾರೋನ ತಂಗಿನ ತಂದಿದೀವಿ ಅಂತ ಇವ್ರಿಗೆಲ್ಲ ಹೇಳಿದೀನಲ್ಲೇ!"

ಅತ್ತೆ ನಕ್ಕರು. "ಹೆಣ್ಣು ನೋಡೋಕೆ ಬಂದ ದಿನ ಇವ್ರು ನಿನ್ನ ನೋಡಿದ್ದಕ್ಕಿಂತ ನಿನ್ನಣ್ಣನ್ನ ನೋಡಿದ್ದೇ ಹೆಚ್ಚು. ಬಸ್‌ಸ್ಟ್ಯಾಂಡಲ್ಲಿ ಅವನೇ ಹೇಳಿದ್ನಂತೆ, ಅದು ನಾನೇ ಅಂತ."

"ಹೇಳ್ದ, ನಾನು ನಂಬ್ದೆ" ಅಂದರು ಮಾವ. "ಅಂಥ ಮಾತನ್ನ ಯಾರಾದ್ರೂ ಸುಳ್ಳು ಹೇಳ್ತಾರಾ? ಹೋಗ್ಲಿ, ಅವನ ಮುಖನಾದ್ರೂ ಇವ್ರಿಗೆ ತೋರ್ಸುವ. ಹಿಂದೆ ಓಡ್ಸು."

ಓಡಿಸಿದರು. ಹಿಂದಕ್ಕೂ ಓಡಿಸಿದರು, ಮುಂದಕ್ಕೂ ಓಡಿಸಿದರು. ಗಂಡಿನ ಕಡೆಯ ದೂರದ ನೆಂಟರ ಹಲ್ಲುಗಳಿದ್ದವು. ಯಾರೋ ಎರಡನೇ ಸಲ ಹಾಕಿಸಿಕೊಂಡ ಪಾಯಸವಿತ್ತು. ಅಣ್ಣಯ್ಯ ಇರಲಿಲ್ಲ. ಇಡೀ ಕ್ಯಾಸೆಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಹೇಗೆ ಇರುತ್ತಾನೆ? ಊಟದ ಹೊತ್ತಿಗೆ ಮಾಡಿನ ಮೇಲಿದ್ದ. ಅದಕ್ಕೆ ಮೊದಲು ಲೈಟು ಹಿಡಿದಿದ್ದ, ಲೈಟು ಹಿಡಿದವನು ಚಿತ್ರದಲ್ಲಿ ಬರುವುದಿಲ್ಲ. ಧಾರೆಯ ಹೊತ್ತಿನಲ್ಲಿ ನನ್ನ ಮುಖ ಫಳಫಳ ಹೊಳೆಯುತ್ತಿತ್ತು. ಆ ಬೆಳಕಷ್ಟೂ ಅವನ ಕೈಯದು.

ಆಷಾಢಕ್ಕೆ ತವರಿಗೆ ಹೋದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಆಷಾಢ ಕಳೆಯಿತು. ಹೊರಡುವ ದಿನ ಅಣ್ಣಯ್ಯ ನನ್ನನ್ನು ಸಾಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದ. ಡ್ರೈವರ್ ಎಂಜಿನ್ ಶುರುಮಾಡಿದ. ಅಷ್ಟರಲ್ಲಿ ಭಟ್ಟರು ಬೆವರುತ್ತಾ ಬಂದು ಬಾಗಿಲ ಹತ್ತಿರ ನಿಂತರು. ಬಸ್ಸು ಅರ್ಧ ಖಾಲಿಯಿತ್ತು. ಅಣ್ಣಯ್ಯ ಮುಖ ತಿರುಗಿಸಿಕೊಂಡು, "ಸೀಟಿಲ್ಲ" ಅಂದ. ಅಷ್ಟು ಗತ್ತಿನ ಮನುಷ್ಯ ಹಿಂದಕ್ಕೆ ಸರಿದು ನಿಂತರು.

ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗಿದೆ. ಎಂಜಿನ್ ಸದ್ದಿಗೆ ಅಣ್ಣಯ್ಯನಿಗೆ ಕೇಳಿಸಲಿಲ್ಲ. "ಏನಂದೆ?" ಎಂದು ಕಿವಿಗೆ ಕೈ ಇಟ್ಟುಕೊಂಡ. ನನ್ನ ಮುಖ ನೋಡಿದ ಡ್ರೈವರ್ ಎಂಜಿನ್ ಆರಿಸಿಬಿಟ್ಟ. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಯಾರ ಎದುರಿಗೂ ಅವನನ್ನು ತೋರಿಸಲು ನಾಚಿದ್ದವಳು ಈಗ ಅಷ್ಟೂ ಜನರ ಎದುರಿಗೆ ಮತ್ತೊಮ್ಮೆ ಹೇಳಬೇಕಾಯಿತು. ಹೇಳಿದೆ.

"ಭಟ್ರದ್ದು ತಪ್ಪಿಲ್ಲ ಅಣ್ಣಯ್ಯ. ಟೇಪು ಮುಗ್ಸಿದ್ದು ನಾನು, ನಾನೇ ಹೇಳಿ ಮುಗ್ಸಿದ್ದು. ನೀನು ನನ್ನಣ್ಣ ಅಂತ ತೋರ್ಸೋಕೆ ನಂಗೆ ನಾಚ್ಕೆ ಆಯ್ತು. ತಪ್ಪಾಯ್ತು."