ಗೂಟವಿಲ್ಲದ ಹಾಲ್‌ಗಳು

ಗೂಟ ಹೊಡೆಯದೆ ಹಾಲ್ ನಿಲ್ಲಿಸುವ ಕಸುಬು ಹಿಡಿದ ಮೇಲೆ ನಗುವುದಕ್ಕೆಂದು ನಾನು ಬೇರೆ ಕಡೆ ಹೋದದ್ದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತ ಕಟ್ಟಡ ಏಳುವ ಜಾಗಗಳಿಗೆ, ಸಿಮೆಂಟು ಇಡಲು, ಆಳುಗಳು ಊಟ ಮಾಡಲು, ಡೇರೆಯಂಥ ಹಾಲ್ ಬಾಡಿಗೆಗೆ ಕೊಡುತ್ತೇನೆ. ಅಲ್ಯೂಮಿನಿಯಂ ಚೌಕಟ್ಟು, ಮೇಲೆ ದಪ್ಪ ಬಿಳಿ ಹೊದಿಕೆ. ನಮ್ಮ ನೆಲ ಒಂದೋ ಮುರಕಲ್ಲು, ಗೂಟ ಇಳಿಯುವುದಿಲ್ಲ. ಇಲ್ಲವೇ ಮರಳು, ಇಳಿದ ಗೂಟ ನಿಲ್ಲುವುದಿಲ್ಲ. ಹಾಗಾಗಿ ಬುಡಕ್ಕೆ ಕಾಂಕ್ರೀಟ್ ದಿಮ್ಮಿಯನ್ನೋ ನೀರಿನ ಟ್ಯಾಂಕನ್ನೋ ಕಟ್ಟಿ ಭಾರದಲ್ಲೇ ನಿಲ್ಲಿಸುವುದು. ಅದು ನಿಂತದ್ದು ಕಂಡರೆ ಇಂದಿಗೂ ನನಗೇ ಬೆರಗು. ನೋಡುವವರ ಪಾಡು ಕೇಳಬೇಕೇ?

ಹಾರುವುದನ್ನು ಕಾಣಲು ಬಂದವರು

ಕಿರಿಮಂಜೇಶ್ವರದ ಕಡಲ ಬದಿ ಹಾಲ್ ನಿಲ್ಲಿಸಿದ ದಿನ ಪಕ್ಕದ ಮನೆಯ ಅಜ್ಜಯ್ಯ ಕೊಡೆ ಹಿಡಿದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಹ್ವಾಯ್, ಗೂಟ ಎಲ್ಲಿತ್ತ್?"

"ಗೂಟ ಇಲ್ಲೆ ಅಜ್ಜಯ್ಯ. ಭಾರಕ್ಕೇ ನಿಂತಿತ್ತ್."

"ಹಾಂಗಾರೆ ಹಾರೂದ್ ಖಂಡಿತ. ಕಂಡ್ಕಂಡೇ ಹೋತೆ."

ಮೂರು ದಿನ ಎದುರಿನ ಗಾಳಿಮರದ ಬುಡದಲ್ಲಿ ಕುರ್ಚಿ ಹಾಕಿ ಕೂತರು. ನಾಲ್ಕನೆಯ ದಿನ ಕಡಲಿನಿಂದ ಗಾಳಿ ಮಳೆ ಒಟ್ಟಿಗೇ ನುಗ್ಗಿತು. ಹೊದಿಕೆ ಪಟಪಟ ಬಡಿದುಕೊಂಡಿತು. ಒಳಗೆ ನಾನು ಒಂದೊಂದೇ ದಿಮ್ಮಿ ನೋಡುತ್ತಾ ನಿಂತಿದ್ದೆ. ಒಂದು ದಿಮ್ಮಿಯೂ ಅಲುಗಲಿಲ್ಲ. ಅಷ್ಟರಲ್ಲಿ ಅಜ್ಜಯ್ಯ ತೊಯ್ದು ತೊಪ್ಪೆಯಾಗಿ ಒಳಗೆ ಓಡಿ ಬಂದರು.

"ಕಂಡ್ರ್ಯಾ, ಹಾಲ್ ಹಾರ್ಲಿಲ್ಲೆ" ಅಂದೆ.

"ಹಾಲ್ ಹಾರ್ಲಿಲ್ಲೆ ಮಾರಾಯ, ನನ್ ಕೊಡೆ ಹಾರಿ ಹೋಯ್ತ್. ಇನ್ನೊಂದ್ ತಕಂಡ್ ಬತ್ತೆ, ಅದಕ್ಕೂ ಒಂದ್ ದಿಮ್ಮಿ ಕಟ್ಟಿ ಕೊಡ್ ಕಾಂಬ."

ಸಿಹಿ ನೀರು

ಬ್ರಹ್ಮಾವರದಲ್ಲಿ ದಿಮ್ಮಿಯ ಬದಲು ನೀರು ತುಂಬಿದ ಟ್ಯಾಂಕ್ ಇಟ್ಟಿದ್ದೆ. ಒಂದು ಮಧ್ಯಾಹ್ನ ಅಲ್ಲಿ ಆಳುಗಳಿಗೆ ಅಡುಗೆ ಮಾಡುವ ಅಕ್ಕ ಫೋನ್ ಮಾಡಿದರು: "ನಿಮ್ ಹಾಲ್ ಒಂದ್ ಬದಿ ಎದ್ದ್ ಎದ್ದ್ ಕೂಕಂತಿತ್ತ್. ಬೇಗ ಬನ್ನಿ."

ಹೋಗಿ ನೋಡಿದರೆ ಆ ಬದಿಯ ನಾಲ್ಕೂ ಟ್ಯಾಂಕ್ ಬರಿದು.

"ನೀರ್ ಎಂತ ಆಯ್ತ್?"

"ಇಲ್ಲಿನ ಬಾವಿ ನೀರ್ ಉಪ್ಪು. ಇದ್ ಸಿಹಿ ಇತ್ತ್. ಅನ್ನಕ್ಕೆ ಲಾಯ್ಕ್ ಆತ್ತ್ ಅಂದೇಳಿ ತೆಗ್ದೆ. ಹಾಲ್ ಹಿಡ್ಕಂಬುಕೆ ನೀರ್ ಅಂದೇಳಿ ನಂಗೆಂತ ಗೊತ್ತಿತ್ತ್?"

ಆದರೆ ನಾನು ತಲುಪುವ ಮೊದಲೇ ಅವರು ಹನ್ನೊಂದು ಆಳುಗಳನ್ನು ಹಾಲಿನ ಚೌಕಟ್ಟಿನ ಕೆಳಪಟ್ಟಿಯ ಮೇಲೆ ಸಾಲಾಗಿ ಕೂರಿಸಿದ್ದರು. ಗಾಳಿ ಬಂದಾಗ ಪಟ್ಟಿ ಕೆಳಗೆ ನಡುಗುತ್ತಿತ್ತು, ಒಬ್ಬರೂ ಏಳಲಿಲ್ಲ. ಅಕ್ಕ ಕೂತಲ್ಲಿಗೇ ಚಾ ತಂದು ಕೊಡುತ್ತಿದ್ದರು. ನಾನು ಹೇಳಿ ಕಳಿಸಿದ ನೀರಿನ ಟ್ಯಾಂಕರ್ ಬರಲು ಇನ್ನೂ ಒಂದು ಗಂಟೆ ಇತ್ತು. ಆಗ ಎಂಜಿನಿಯರ್ ಬಂದು ಗದರಿದರು.

"ಕೆಲಸ ಬಿಟ್ಟು ಎಲ್ಲರೂ ಯಾಕೆ ಕೂತಿದ್ದೀರಿ?"

"ಕೂತದ್ದೇ ಕೆಲ್ಸ ಸರ್" ಅಂದರು ಅಕ್ಕ. "ಆ ಮೂಲೆಯಗೆ ಒಂದ್ ಜನ ಕಮ್ಮಿ ಇತ್ತ್."

ಎಂಜಿನಿಯರ್ ಹಾಲನ್ನೊಮ್ಮೆ ನೋಡಿದರು. ಹೋಗಿ ಆ ಮೂಲೆಯಲ್ಲಿ ಕೂತರು.

ವಂಡ್ಸೆಯಲ್ಲಿ ಹಾಲ್ ನಡೆದದ್ದು

ಮುಂಬೈಯಲ್ಲಿ ಹೋಟೆಲ್ ಇದ್ದ ಯಜಮಾನರೊಬ್ಬರು ವಂಡ್ಸೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಬಾವಿಗೆ ನೀರು ನೋಡುವವರು ಬಂದು ತೋರಿಸಿದ ಜಾಗ ಸರಿಯಾಗಿ ನನ್ನ ಹಾಲಿನ ನಡುವೆ. ಬಿಚ್ಚಿ ಕಟ್ಟಲು ಎರಡು ದಿನ ಬೇಕು ಅಂದೆ. ಅಗೆಯುವವರು ಮರುದಿನವೇ ಬರುವವರಿದ್ದರು.

"ಗೂಟ ಇಲ್ಲೆ ಅಲ್ದಾ?" ಅಂದರು ಯಜಮಾನರು. "ಹಾಂಗಾರೆ ಎತ್ಕಂಡ್ ಹೋಪ."

ಚಿಕ್ಕ ಹಾಲ್, ಎರಡು ತುದಿಯೂ ತೆರೆದ ಸುರಂಗದ ಹಾಗೆ. ಊಟ ಮುಗಿದ ಮೇಲೆ ದಿಮ್ಮಿ ಬಿಚ್ಚಿದೆವು. ಹೊರಗಡೆ ಎರಡೂ ಬದಿಗೆ ಮೂವತ್ತು ಜನ ನಿಂತು ಒಮ್ಮೆಲೇ ಎತ್ತಿದರು. ಅಷ್ಟು ದೊಡ್ಡ ಬಿಳಿ ಹಾಲ್ ನೂರು ಕಾಲಿನ ಚೋರಟೆಹುಳದ ಹಾಗೆ ಮೆಲ್ಲಗೆ ನಡೆಯತೊಡಗಿತು. ನಾನು ಬಾಯಿ ತೆರೆದು ನೋಡುತ್ತಾ ನಿಂತೆ. ತೆಂಗಿನ ಮರಗಳ ಹತ್ತಿರ ಇಳಿಸಿದ ಮೇಲೆ ತಿರುಗಿ ನೋಡಿದರೆ, ಖಾಲಿ ಬಯಲಲ್ಲಿ ಸಿಮೆಂಟು ಚೀಲಗಳ ರಾಶಿ, ಅದರ ಮರೆಯಲ್ಲಿ ಒಂದು ಮಂಚ. ಮಂಚದ ಮೇಲೆ, ಊಟ ಮಾಡಿ ಮಲಗಿದ್ದ ಸ್ಟೋರ್ ನೋಡಿಕೊಳ್ಳುವವರು. ನಮಗೆ ಅವರ ನೆನಪೇ ಇರಲಿಲ್ಲ.

ಓಡಿದೆ. ತೆಂಗಿನ ಗರಿ ಕೂಡ ಅಲುಗದ ಬಿಸಿಲು. ಅವರು ಆಕಾಶ ನೋಡುತ್ತಾ ಮಂಚದ ಎರಡೂ ಅಂಚು ಬಿಗಿಯಾಗಿ ಹಿಡಿದು ಮಲಗಿದ್ದರು. ನನ್ನ ಕಂಡು ತಗ್ಗಿದ ದನಿಯಲ್ಲಿ ಅಂದರು:

"ಗಾಳಿ ಹಾಲ್ ತಕಂಡ್ ಹೋಯ್ತ್. ನಾ ಮಂಚ ಗಟ್ಟಿ ಹಿಡ್ಕಂಡದ್ದಕ್ಕೆ ಉಳ್ದೆ. ಹಾಂಗೆ ನಿಲ್ಬೇಡಿ, ಎಂತಾರೂ ಹಿಡ್ಕಣಿ."