ವಾಯುಪಡೆಯ ಪೆನ್ಷನರ್ ಮತ್ತು ಊರಿನವರ ಯುದ್ಧವಿಮಾನಗಳು

ವಾಯುಪಡೆಯಲ್ಲಿ ಇದ್ದಷ್ಟು ವರ್ಷ ನನ್ನನ್ನು ಯಾರೂ ಯುದ್ಧವಿಮಾನದ ಬಗ್ಗೆ ಒಂದು ಮಾತು ಕೇಳಲಿಲ್ಲ. ಪೆನ್ಷನ್ ತಗೊಂಡು ದೊಡ್ಡಬಳ್ಳಾಪುರಕ್ಕೆ ಬಂದು ಕೂತ ಮೇಲೆ ಕೇಳದೇ ಇರೋರು ಯಾರೂ ಇಲ್ಲ. ಹಾಲು ತರೋಕೆ ಹೋದ್ರೆ ಕೇಳ್ತಾರೆ, ಸಾವಿನ ಮನೆಗೆ ಹೋದ್ರೂ ಪಕ್ಕಕ್ಕೆ ಕರೆದು ಕೇಳ್ತಾರೆ. "ನಮ್ಮತ್ರ ಇರೋ ವಿಮಾನ ಸಾಕಾಗ್ತವಾ ಸಾರ್? ಇಲ್ಲೇ ಮಾಡ್ಕೊಳ್ಳೋದು ಒಳ್ಳೇದಾ, ಹೊರಗಿಂದ ತರ್ಸೋದು ಒಳ್ಳೇದಾ?"

ನಾನಿದ್ದದ್ದು ಆಸ್ಪತ್ರೆ ಸಹಾಯಕನಾಗಿ, ಅದರಲ್ಲೂ ಬಹುಪಾಲು ಹಲ್ಲಿನ ವಿಭಾಗದಲ್ಲಿ. ಪೈಲಟ್‌ಗಳು ನನ್ನ ಮುಂದೆ ಬಾಯಿ ಬಿಡ್ತಿದ್ದರು ನಿಜ. ಆದರೆ ಅಷ್ಟು ಹೊತ್ತಿಗೆ ಡಾಕ್ಟರು ಆ ಬಾಯಿ ತುಂಬ ಹತ್ತಿ ತುರುಕಿರ್ತಿದ್ದರು. ಇದನ್ನ ಎಷ್ಟು ಸಲ ಹೇಳಿದ್ರೂ ಜನ ಕಣ್ಣು ಮಿಟುಕಿಸಿ, "ಹೇಳ್ಬಾರ್ದು ಅಂತ ಆರ್ಡರ್ ಇರುತ್ತೆ ಬಿಡಿ ಸಾರ್" ಅಂತಾರೆ. ನನಗೂ ಹೇಳಿ ಹೇಳಿ ಸಾಕಾಗಿದೆ.

ತಜ್ಞನಾದದ್ದು

ಒಂದು ಮಧ್ಯಾಹ್ನ ಊರಿನ ಕೇಬಲ್ ಚಾನೆಲ್‌ನವನು ಮನೆಗೆ ಬಂದ. ಗಡಿಯಲ್ಲಿ ಏನೋ ಗದ್ದಲ ನಡೀತಿದ್ದ ಕಾಲ. "ಸಂಜೆ ಚರ್ಚೆಗೆ ರಕ್ಷಣಾ ತಜ್ಞರು ಬೇಕಾಗಿದಾರೆ ಸಾರ್" ಅಂದ.

"ನಾನು ಹಲ್ಲಿನ ವಿಭಾಗದಲ್ಲಿದ್ದೋನು ಕಣಪ್ಪಾ."

"ಪರವಾಗಿಲ್ಲ ಸಾರ್. ನೀಲಿ ಶರ್ಟ್ ಇದ್ರೆ ಹಾಕ್ಕೊಂಡ್ ಬನ್ನಿ."

ಸ್ಟುಡಿಯೋ ಅಂದ್ರೆ ಸೀರೆ ಅಂಗಡಿ ಮೇಲಿನ ಒಂದು ರೂಮು. ನನ್ನ ಎಡಕ್ಕೆ ಒಬ್ಬ ವಕೀಲರು, ಬಲಕ್ಕೆ ನಿವೃತ್ತ ಲೆಕ್ಚರರು. ವಕೀಲರು ಸ್ವದೇಶಿ ವಿಮಾನದ ಕಡೆ, ಲೆಕ್ಚರರು ವಿದೇಶಿ ವಿಮಾನದ ಕಡೆ. ಇಬ್ಬರೂ ನನ್ನ ಮೂಗಿನ ಮೇಲಿಂದ ಬೆರಳು ಚಾಚಿ ಕಿರುಚಾಡಿದರು. ನಾನು ನೀರು ಕುಡೀತಾ ಕೂತಿದ್ದೆ. ಕೊನೆಗೆ ನಿರೂಪಕ ನನ್ನ ಕಡೆ ತಿರುಗಿ, "ಟೈಮ್ ಇಲ್ಲ ಸಾರ್, ಒಂದೇ ಮಾತಲ್ಲಿ ಹೇಳಿ. ನಮ್ಮ ವಾಯುಪಡೆ ಯುದ್ಧಕ್ಕೆ ರೆಡಿ ಇದೆಯಾ?" ಅಂದ.

ಗೊತ್ತಿಲ್ಲದ್ದನ್ನ ಹೇಳೋದು ಬೇಡ ಅಂತ, "ವಿಮಾನದ ವಿಷಯ ನಂಗೊತ್ತಿಲ್ಲ. ನಾನು ನೋಡಿದ ಮಟ್ಟಿಗೆ ಹುಡುಗರ ಹಲ್ಲು ಮಾತ್ರ ಗಟ್ಟಿಯಾಗಿದಾವೆ" ಅಂದೆ.

ಮನೆಗೆ ಬಂದ್ರೆ ನನ್ನ ಹೆಂಡತಿ ಟಿ.ವಿ. ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರ ಓಡ್ತಿತ್ತು: "ಶತ್ರುವನ್ನು ಕಚ್ಚಲು ವಾಯುಪಡೆ ಸಜ್ಜು. ರಕ್ಷಣಾ ತಜ್ಞರ ಸ್ಫೋಟಕ ಹೇಳಿಕೆ!"

ಮಗ್ಗದ ಮನೆ

ನನ್ನ ಹೆಂಡತಿಯ ತಮ್ಮನದು ಪವರ್‌ಲೂಮು, ಸೀರೆ ವ್ಯಾಪಾರ. ಅಪ್ಪನ ಕಾಲದಿಂದ ಮಗ್ಗದ ಸದ್ದಲ್ಲೇ ಬೆಳೆದೋನು, ಹಾಗಾಗಿ ಮೆಲ್ಲಗೆ ಮಾತಾಡೋದು ಅಂದ್ರೆ ಏನೂಂತ ಅವನಿಗೆ ಗೊತ್ತಿಲ್ಲ. ಅವನು ಸ್ವದೇಶಿ ಪಕ್ಷ, ಅದೂ ಕಟ್ಟಾ. ಒಂದಿನ ಅವನ ಮಗ್ಗದ ಶೆಡ್ಡಿಗೆ ಹೋದಾಗ ಶುರು ಮಾಡಿದ.

"ನಮ್ ದೇಶದ್ದೇ ವಿಮಾನ ಬೇಕು ಭಾವ! ಲೇಟಾದ್ರೆ ಆಗ್ಲಿ! ನಾಳೆ ಒಂದು ನಟ್ಟು ಬೇಕೂಂದ್ರೂ ಇನ್ನೊಬ್ರ ಬಾಗ್ಲಲ್ಲಿ ಕೈ ಚಾಚ್ಕೊಂಡ್ ನಿಲ್ಲೋದಾ? ಮಾನಗೇಡು!"

ಅವನ ಸಿಟ್ಟು ಸುಳ್ಳಲ್ಲ. ಹೊರಗಡೆಯಿಂದ ಲಾರಿ ಲಾರಿ ಅಗ್ಗದ ಸೀರೆ ಬಂದು, ಇಲ್ಲಿಯದೇ ಅಂತ ಹೆಸರಿಟ್ಟುಕೊಂಡು ಮಾರಾಟ ಆಗ್ತಿದೆ. ಅವನ ಪಕ್ಕದ ಎರಡು ಮನೆಯಲ್ಲಿ ಮಗ್ಗ ಬಿಚ್ಚಿ ಗುಜರಿಗೆ ಹಾಕಿದಾರೆ. ಅದನ್ನ ನೋಡಿದೋನಿಗೆ "ನಮ್ಮದು" ಅನ್ನೋ ಮಾತು ಬಂದ್ರೆ ದನಿ ಇನ್ನೂ ಏರುತ್ತೆ. ನಾನೂ ಹೂಂ ಅಂತ ಕೇಳಿಸ್ಕೊಂಡೆ.

ಹೊರಡೋವಾಗ ನೋಡ್ತೀನಿ, ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿದ ಒಂದು ಹೊಸ ಮಗ್ಗ. ಟಾರ್ಪಾಲು ಎತ್ತಿದ್ರೆ ಓದೋಕೆ ಬಾರದ ಅಕ್ಷರ.

"ಇದ್ಯಾವ್ದೋ?"

"ಚೀನಾದ್ದು ಭಾವ. ಹೋದ್ ತಿಂಗ್ಳು ಬಂತು."

"ಯಾಕೆ, ನಮ್ ದೇಶದ್ದು ಸಿಗಲ್ವಾ?"

"ಸಿಗುತ್ತೆ."

"ಮತ್ತೆ?"

ಹುಟ್ಟಿದಾಗಿನಿಂದ ಮೊದಲನೇ ಸಲ ಅವನು ದನಿ ತಗ್ಗಿಸಿದ. "ಭಾವ, ಮಗ್ಗ ಅಂದ್ರೆ ದಿನಾ ಓಡ್ಬೇಕಲ್ವಾ."

ಅರ್ಧ ಗಡ್ಡ

ಭಾನುವಾರ ಕಟಿಂಗ್ ಶಾಪಿಗೆ ಹೋದ್ರೆ ಅಲ್ಲೂ ಇದೇ. ದೇವನಹಳ್ಳಿ ಕಡೆ ಸೈಟು ತೋರಿಸೋ ಬ್ರೋಕರ್ ಒಬ್ಬ ಕುರ್ಚಿಯಲ್ಲಿ ಕೂತು, ಮುಖದ ತುಂಬ ನೊರೆ ಹಚ್ಚಿಸ್ಕೊಂಡು, ವಾಯುಪಡೆಯ ಲೆಕ್ಕ ಒಪ್ಪಿಸ್ತಿದ್ದ. ಹಳೇ ವಿಮಾನ ರಿಟೈರ್ ಆದವಂತೆ, ಹೊಸವು ಬಂದಿಲ್ಲವಂತೆ. ನಾಳೆಯೇ ಯಾರ ಹತ್ರಾನಾದ್ರೂ ಕೊಂಡ್ಕೊಂಡ್ಬಿಡ್ಬೇಕಂತೆ.

ಅಂಗಡಿಯವನು ಕತ್ತಿ ಮೇಲೆತ್ತಿ ನಿಲ್ಲಿಸಿದ. "ಅಣ್ಣಾ, ಎಷ್ಟಿದಾವೆ ಅನ್ನೋದಲ್ಲ. ಕರೆದ ತಕ್ಷಣ ಎಷ್ಟು ಹಾರ್ತವೆ ಅನ್ನೋದು. ಮಿಕ್ಕಿದ್ದೆಲ್ಲ ಬರೀ ಲೆಕ್ಕಕ್ಕೆ."

ಬೆಂಚಿನ ಮೇಲಿದ್ದ ಒಬ್ಬ, "ಆ ಹಳೇ ಡಬ್ಬಾಗಳಾ? ಹಾರಿದ್ದು ಇಳಿದ್ರೆ ಪುಣ್ಯ!" ಅಂದ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ನಾನು ಕೆಲಸದಲ್ಲಿದ್ದಾಗ ಒಂದು ಸಲ ನಮ್ಮ ಹಲ್ಲಿನ ಕುರ್ಚಿಯಲ್ಲಿ ಒಬ್ಬ ಹುಡುಗ ಪೈಲಟ್ ಕೂತಿದ್ದ. ಇಂಜೆಕ್ಷನ್ ನೋಡಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡು, ಇದಕ್ಕಿಂತ ಆಕಾಶವೇ ವಾಸಿ ಅಂತ ತಮಾಷೆ ಮಾಡಿದ. ಹಲ್ಲು ತುಂಬಿಸೋ ಕೆಲಸ ಅರ್ಧ ಆಗಿತ್ತು. ಮಿಕ್ಕಿದ್ದಕ್ಕೆ ಬರಬೇಕಾದ ದಿನ ಅವನು ಬರಲಿಲ್ಲ. ಡಾಕ್ಟರು ಆವತ್ತು ಇನ್ಯಾರನ್ನೂ ನೋಡಲಿಲ್ಲ. ಇದನ್ನೆಲ್ಲ ಕಟಿಂಗ್ ಶಾಪಲ್ಲಿ ಹೇಳೋಕಾಗುತ್ತಾ? ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡ್ಕೊಂಡೆ.

ಅಷ್ಟರಲ್ಲಿ ಬ್ರೋಕರ್ ಫೋನು ಹೊಡ್ಕೊಂಡಿತು. ಬೆಂಗಳೂರಿಂದ ಪಾರ್ಟಿ ಬಂದು ಸೈಟಿನ ಹತ್ರ ನಿಂತಿದಾರಂತೆ. "ಬಂದೆ ಸಾರ್, ಹೊರಟ್ಬಿಟ್ಟೆ, ದಾರೀಲಿದೀನಿ" ಅಂತ ಧಡಕ್ಕನೆ ಎದ್ದ. ಎದ್ದೋನು ಕನ್ನಡಿ ನೋಡ್ಕೊಂಡ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆ.

ಅಂಗಡಿಯವನು ಅವನ ಭುಜ ಅದುಮಿ ಕೂರಿಸಿದ. "ಕೂತ್ಕೊಳ್ಳಿ ಅಣ್ಣಾ. ನೀವೂ ಈಗ ಬರೀ ಲೆಕ್ಕಕ್ಕೆ."

ಹೆಣ್ಣು ನೋಡೋಕೆ ಬಂದದ್ದು

ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ವಿಮಾನ ನಿಲ್ದಾಣದಲ್ಲಿ ಲಗೇಜು ವಿಭಾಗದಲ್ಲಿದ್ದ, ಅಪ್ಪ ಟ್ಯಾಕ್ಸಿ ಇಟ್ಟುಕೊಂಡಿದ್ದರು. ಒಳ್ಳೇ ಜನ, ಜಾತಕ ಕೂಡಿತ್ತು. ಹಿಂದೆ ಎರಡು ಸಂಬಂಧ ತಪ್ಪಿ ಹೋಗಿ ನನ್ನ ಹೆಂಡತಿ ಕಂಗಾಲಾಗಿದ್ದಳು. ಅದಕ್ಕೇ ಭಾವಮೈದನಿಗೆ ಕೈ ಮುಗಿದು ಹೇಳಿದ್ದೆ, "ದಮ್ಮಯ್ಯ, ಇವತ್ತೊಂದು ದಿನ ಯುದ್ಧವಿಮಾನದ ಸುದ್ದಿ ಎತ್ಬೇಡ." ಅವನು ಅಕ್ಕನ ತಲೆ ಮುಟ್ಟಿ ಆಣೆ ಮಾಡಿದ್ದ.

ಎಲ್ಲ ಚೆನ್ನಾಗೇ ನಡೀತು. ಉಪ್ಪಿಟ್ಟು, ಕೇಸರಿಬಾತು ಆಯ್ತು. ಹುಡುಗ ಹುಡುಗಿ ಮಾತಾಡ್ಕೊಂಡ್ ಬರ್ಲಿ ಅಂತ ಮಹಡಿಗೆ ಕಳಿಸಿದೆವು. ಅದೇ ಹೊತ್ತಿಗೆ ಯಲಹಂಕ ಕಡೆಯಿಂದ ಏರ್ ಶೋ ಅಭ್ಯಾಸದ ಒಂದು ವಿಮಾನ ನಮ್ಮ ಮನೆ ಮೇಲೇ ಹೋಯ್ತು. ಕಿಟಕಿ ಗಾಜು ಗಡಗಡ ಅಂದವು.

ಹುಡುಗನ ಅಪ್ಪ ಚಮಚ ಕೆಳಗಿಟ್ಟರು. "ಇದು ನಮ್ದಾ, ಫಾರಿನ್ದಾ?"

"ಕೇಸರಿಬಾತು ಇನ್ನೊಂಚೂರು ಹಾಕ್ಲಾ?" ಅಂದೆ ನಾನು.

ಭಾವಮೈದ ಮುಷ್ಟಿ ಬಿಗಿದು ಕೂತಿದ್ದ. ತಡ್ಕೊಂಡ, ತಡ್ಕೊಂಡ. ಆಗಲಿಲ್ಲ. "ನಮ್ದೇ ಸಾರ್! ಸೌಂಡಲ್ಲೇ ಗೊತ್ತಾಗಲ್ವಾ?"

"ಬಾಡಿ ನಿಮ್ದು, ಇಂಜಿನ್ ಯಾರ್ದು?"

"ಅದೂ ಮಾಡ್ತೀವಿ!"

"ನೀವು ಮಾಡೋಷ್ಟರಲ್ಲಿ ಯುದ್ಧ ಮುಗಿದು ಎರಡೂ ಕಡೆಯೋರು ಮನೆಗೆ ಹೋಗಿರ್ತಾರೆ!"

"ಹಂಗಂತ ಬೇರೇವ್ರ ಹತ್ರ ತಂದು, ಅವ್ರು ಬೇಡ ಅಂದ ದಿನ ಸುಮ್ನೆ ಕೂತ್ಕೊಳ್ಳೋದಾ? ದೇಶಾಭಿಮಾನ ಬೇಡ್ವಾ?"

"ನಂಗೆ ದೇಶಾಭಿಮಾನ ಇಲ್ಲ ಅಂತೀರಾ? ನಿಮ್ ಮನೇಗ್ ಬಂದು ಇದನ್ನ ಕೇಳಿಸ್ಕೋಬೇಕಾ?"

ಹುಡುಗನ ಅಮ್ಮ ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕ್ಕೊಂಡ್ರು. ನನ್ನ ಹೆಂಡತಿ ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಳು, ಕಣ್ಣಲ್ಲಿ ನೀರು. ನಾನು ಎದ್ದು ಮಧ್ಯಕ್ಕೆ ಹೋಗಿ, "ನೋಡಿ, ಎರಡೂ ಬೇಕಾಗುತ್ತೆ..." ಅಂತ ಶುರು ಮಾಡಿದೆ.

"ನೀವ್ ಸುಮ್ನಿರಿ!" ಅಂತ ಇಬ್ಬರೂ ಒಟ್ಟಿಗೇ ಗದರಿಸಿದರು. ಎರಡು ಮನೆಯವರೂ ಆವತ್ತು ಒಪ್ಪಿದ ಮಾತು ಅದೊಂದೇ.

ಹುಡುಗನ ಅಪ್ಪ ಹೊಸ್ತಿಲು ದಾಟಿ ಚಪ್ಪಲಿ ಹುಡುಕೋಕೆ ಶುರು ಮಾಡಿದರು. ಇದೂ ಹೋಯ್ತು ಅಂದ್ಕೊಂಡೆ. ಆಗ ಮಹಡಿ ಮೆಟ್ಟಿಲಿಂದ ಮಗಳು ಇಳಿದು ಬಂದಳು, ಹಿಂದೆ ಹುಡುಗ. ಇಬ್ಬರ ಮುಖವೂ ಕೆಂಪಗಾಗಿತ್ತು. ಕೆಳಗಿನ ಗಲಾಟೆ ಅವರ ಕಿವಿಗೆ ಬಿದ್ದ ಹಾಗೇ ಇರಲಿಲ್ಲ.

ಹುಡುಗ ತಲೆ ತಗ್ಗಿಸಿ ಹೇಳಿದ, "ಅಪ್ಪಾ, ನಾವಿಬ್ರೂ ಎಲ್ಲಾ ಮಾತಾಡಿದ್ವಿ. ಇಬ್ರೂ ಒಪ್ಕೊಂಡಿದೀವಿ."

ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ಮಗನ ಕಡೆ ತಿರುಗಿದರು.

"ಯಾವ್ದಕ್ಕೋ ಒಪ್ಕೊಂಡೆ? ಸ್ವದೇಶಿಗಾ, ಫಾರಿನ್‌ಗಾ?"