ಸುಣ್ಣಕ್ಕೆ ಹೆದರಿ ಕೆಲಸ ಬಿಟ್ಟ ಮಾನ್ಯ ಜಿಗಣೆಯವರಿಗೆ

ಆಸ್ಪತ್ರೆಯ ಗಾಜಿನ ಬಾಟಲಿಯಲ್ಲಿ ಸುಖವಾಸ ಮಾಡುತ್ತಿರುವ ಮಾನ್ಯ ಜಿಗಣೆಯವರ ಪಾದಗಳಿಗೆ, ಪಾದ ಇಲ್ಲದಿದ್ದರೆ ತಮ್ಮ ಎರಡೂ ತುದಿಗಳಿಗೆ, ಅಬ್ಬಿಗೆರೆಯ ಸುಬ್ಬಮ್ಮ ಮಂಚದಿಂದಲೇ ಮಾಡುವ ನಮಸ್ಕಾರಗಳು. ಎದ್ದು ಮಾಡಬೇಕಿತ್ತು, ಆದರೆ ಕಾಲು ದಿಂಬಿನ ಮೇಲಿದೆ, ತಮಗೇ ಗೊತ್ತಲ್ಲ.

ಮಾನ್ಯರೇ, ನಾನು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ರಕ್ತವನ್ನೇ ಇಷ್ಟೊಂದು ಹಾಕಿಕೊಂಡಿರುವ ತಮಗೆ ಇದೇನೂ ಹೆಚ್ಚಲ್ಲ.

ನನ್ನ ಮೊಣಕಾಲಿನ ಕೆಳಗೆ ಒಂದು ಗಡ್ಡೆ ಬೆಳೆದು, ಅದು ಮಾಂಸದಲ್ಲಿ ಹುಟ್ಟುವ ಕ್ಯಾನ್ಸರ್ ಎಂದು ಡಾಕ್ಟರು ಹೇಳಿ, ಸುತ್ತಲಿನ ಒಳ್ಳೆ ಮಾಂಸವನ್ನೂ ಸೇರಿಸಿ ತೆಗೆದು, ಆದ ಗುಂಡಿಯನ್ನು ಮುಚ್ಚಲು ನನ್ನದೇ ತೊಡೆಯಿಂದ ಚರ್ಮ, ಕೊಬ್ಬು ಎಲ್ಲವನ್ನೂ ನಾಳದ ಸಮೇತ ಕೊಯ್ದು ತಂದು ಹೊಲಿದರು. ಅದಕ್ಕೆ ಅವರು ಫ್ಲ್ಯಾಪ್ ಎನ್ನುತ್ತಾರೆ, ನಾವು ತೇಪೆ ಎನ್ನುತ್ತೇವೆ. ಆ ತೇಪೆಗೆ ರಕ್ತ ಬರುವ ದಾರಿ ಚೆನ್ನಾಗಿತ್ತು, ಹೋಗುವ ದಾರಿ ಮಾತ್ರ ಸಂಜೆ ಹೊತ್ತಿನ ಹೆಬ್ಬಾಳದ ಟ್ರಾಫಿಕ್ಕಿನ ಹಾಗೆ ಕಟ್ಟಿಕೊಂಡಿತು. ಮತ್ತೊಮ್ಮೆ ಥಿಯೇಟರಿಗೆ ಒಯ್ದು ಬಿಡಿಸಿದರೂ ಪೂರ್ತಿ ಬಿಡಲಿಲ್ಲ, ತೇಪೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಇದು ಸತ್ತರೆ ಮೂಳೆ ಬಯಲಾಗುತ್ತದೆ, ಆಮೇಲೆ ಕಾಲನ್ನೇ ತೆಗೆಯಬೇಕಾಗಬಹುದು ಎಂದರು. ನಿಂತ ರಕ್ತವನ್ನು ಹೀರಿ ತೆಗೆಯಲು ಆಗ ತಮ್ಮನ್ನು ಕರೆಸಿದರು.

ಹಿಂದೆ ನಮ್ಮ ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ ಹಾಕುವಾಗ ತಮ್ಮ ವಂಶದವರು ಕರೆಯದೆಯೇ ಕಾಲಿಗೆ ಹತ್ತುತ್ತಿದ್ದರು. ಈಗ ಆ ಗದ್ದೆ ಮೇಲೆ ನಾಲ್ಕಂತಸ್ತಿನ ಮನೆಗಳು ಎದ್ದಿವೆ, ತಾವು ಡಬ್ಬದಲ್ಲಿ ಕೂತು ದೂರದಿಂದ ಪ್ರಯಾಣ ಮಾಡಿ ಬರುತ್ತೀರಿ, ನರ್ಸಮ್ಮ ಸಬಾ ಗ್ಲೌಸು ಹಾಕಿಕೊಂಡು ತಮ್ಮನ್ನು ಬರಮಾಡಿಕೊಳ್ಳುತ್ತಾಳೆ. ನಮ್ಮ ಮನೆ ಅಳಿಯನಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ. ತೇಪೆಗೆ ಸ್ಪರ್ಶವಿಲ್ಲದ ಕಾರಣ ತಾವು ಊಟಕ್ಕೆ ಕೂತದ್ದೂ ಎದ್ದದ್ದೂ ನನಗೆ ತಿಳಿಯುವುದಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ತಮ್ಮವರೊಬ್ಬರು ಎಲೆ ಬಿಟ್ಟು ಆಚೆ ಹರಿದು ನನ್ನ ಹಳೇ ಮೊಣಕಾಲಿಗೆ ಬಾಯಿ ಹಾಕಿದ್ದನ್ನೂ ಕ್ಷಮಿಸಿದ್ದೇನೆ; ಅಲ್ಲಿ ಸ್ಪರ್ಶ ಚೆನ್ನಾಗಿಯೇ ಇದೆ ಎಂದು ಇಡೀ ವಾರ್ಡಿಗೆ ತಿಳಿಯಿತು.

ನನ್ನ ದೂರು ಇರುವುದು ಮುನಿಗಂಗಮ್ಮ ಬಂದ ದಿನದ್ದು. ಈಕೆ ನನ್ನ ನಾದಿನಿ, ನಮ್ಮ ಅಬ್ಬಿಗೆರೆ ಪಕ್ಕದ ಸಿಂಗಾಪುರದಲ್ಲಿದ್ದಾಳೆ. ನನಗೆ ಜೋಂಪು ಹತ್ತಿತ್ತು, ಸಬಾ ಪಕ್ಕದ ಮಂಚದ ಹತ್ತಿರ ಇದ್ದಳು, ತಾವು ಊಟದ ಮಧ್ಯದಲ್ಲಿದ್ದಿರಿ. “ಅಯ್ಯೋ ಅತ್ಗೆ, ಕಾಲಿಗೆ ಜಿಗಣೆ ಅತ್ಕೊಂಡೈತಲ್ಲ, ಇಷ್ಟ್ ದೊಡ್ಡಾಸ್ಪತ್ರೇಲಿ ಇದೇನಾ ಕಿಲೀನು!” ಎಂದವಳೇ ಎಲೆಅಡಿಕೆ ಚೀಲ ಬಿಚ್ಚಿ, ಗದ್ದೆಯಲ್ಲಿ ಮಾಡುತ್ತಿದ್ದ ಹಾಗೆಯೇ, ಒಂದು ಬೊಟ್ಟು ಸುಣ್ಣವನ್ನು ತಮ್ಮ ಮುಖಕ್ಕೆ ಬಳಿದಳು. ತಾವು ಕುಡಿದದ್ದನ್ನೆಲ್ಲ ಗಾಯದೊಳಗೇ ಕಕ್ಕಿ ಕೆಳಗೆ ಬಿದ್ದಿರಿ. ಸಬಾ ಓಡಿ ಬಂದು “ಅಮ್ಮಾ, ಏನ್ ಮಾಡ್ಬಿಟ್ರಿ, ಅದು ನಮ್ದೇ!” ಎಂದರೆ ನಮ್ಮವಳು “ನಿಮ್ದಾ? ಸಾಕ್ಕೊಂಡಿದೀರಾ?” ಎಂದು ಕೇಳಿದಳು.

ತಾವು ಕಕ್ಕಿದ್ದರ ನಂಜು ಏರಿ ಜ್ವರ ಬಂತು, ತೇಪೆಯ ಒಂದು ಮೂಲೆ ಕೀವಾಗಿ ಕಪ್ಪಾಯಿತು. ಇದು ಹರಡಿದರೆ ಕಾಲಿನ ಮಾತು ಮತ್ತೆ ಆಡಬೇಕಾಗುತ್ತದೆ ಎಂದು ಡಾಕ್ಟರು ಅಂದಾಗ, ನಾನು ಗೋಡೆ ಕಡೆ ತಿರುಗಿ ಮಲಗಿದೆ. ಮಾನ್ಯರೇ, ಆ ನಾದಿನಿಯ ಕೈಲಿ ಮದುವೆಯಾದಾಗಿನಿಂದ ಸುಣ್ಣ ಬಳಿಸಿಕೊಂಡೂ ನಾನು ಆ ಮನೆ ಬಿಟ್ಟು ಬಿದ್ದವಳಲ್ಲ. ತಾವು ಒಂದೇ ಬೊಟ್ಟಿಗೆ ಬಿದ್ದಿರಲ್ಲ!

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮೇಲೆ ತಾವು ಡ್ಯೂಟಿಗೆ ಬರುವಾಗ ಕಂಪನಿ ಕೆಲಸಕ್ಕೆ ಹೋಗುವ ಮಕ್ಕಳ ಹಾಗೆ ಫೋಟೊ ಇರುವ ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು ಬರಬೇಕು, ಕುತ್ತಿಗೆ ಎಲ್ಲಿದೆ ಎಂಬುದನ್ನು ಮೊದಲೇ ಸಬಾಗೆ ತಿಳಿಸಿರಬೇಕು. ನೋಡಲು ಬಂದ ನೆಂಟರನ್ನು ತಾವೇ ಎದ್ದು ಮಾತಾಡಿಸಿ, ಕೂರಿಸಿ, ತಾವು ಯಾರ ಕಡೆಯವರೆಂದು ಹೇಳಿಕೊಳ್ಳಬೇಕು. ಕಕ್ಕಲೇಬೇಕಾಗಿ ಬಂದರೆ ಬಚ್ಚಲಿಗೆ ಹೋಗಿ ಕಕ್ಕಬೇಕು.

ಕಪ್ಪಾದ ಮೂಲೆಯನ್ನು ಕೊಯ್ದು ತೆಗೆದರು, ನಂಜಿಗೆ ಇಂಜೆಕ್ಷನ್ ಏರಿಸಿದರು, ತಮ್ಮವರನ್ನು ಮತ್ತೆ ಕರೆದು ಕೂರಿಸಿದರು. ಈ ಬೆಳಿಗ್ಗೆ ಮೊದಲ ಸಲ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಿಸಿದಾಗ ತೇಪೆ ಕಂದಿಹೋಯಿತು. ಎತ್ತಿ ಇಟ್ಟ ಮೇಲೆ ಮೆಲ್ಲಗೆ ಮೈಬಣ್ಣ ಬಂತು. “ಉಳೀತು ಅಜ್ಜಿ, ನಾಳೆ ನಿಲ್ಲಿಸ್ತೀವಿ” ಎಂದರು ಡಾಕ್ಟರು. ಕಾಲು ಉಳಿದದ್ದು ತನ್ನ ಸುಣ್ಣದಿಂದಲೇ ಎಂದು ಮುನಿಗಂಗಮ್ಮ ಆಗಲೇ ಸಿಂಗಾಪುರದ ತುಂಬ ಹೇಳಿಕೊಂಡು ಬರುತ್ತಿದ್ದಾಳೆ, ತಮ್ಮ ಗಮನಕ್ಕೆ ಇರಲಿ.

ತಮ್ಮ ವಿಶ್ವಾಸಿಯೂ ತಮ್ಮ ಊಟವೂ ಆಗಿದ್ದ
ಸುಬ್ಬಮ್ಮ

ವಿ.ಸೂ.: ಈ ಪತ್ರವನ್ನು ಅವರ ಬಾಟಲಿಗೆ ಅಂಟಿಸಮ್ಮ ಎಂದರೆ ಸಬಾ ತಲೆ ತಗ್ಗಿಸಿದಳು. ಒಬ್ಬರ ರಕ್ತ ಕುಡಿದವರನ್ನು ಇನ್ನೊಬ್ಬರಿಗೆ ಕೂರಿಸುವಂತಿಲ್ಲವಂತೆ, ಬಿದ್ದ ಕೂಡಲೇ ಸ್ಪಿರಿಟ್ಟಿಗೆ ಹಾಕಿ ಮುಗಿಸುತ್ತಾರಂತೆ. ಹಾಗಾದರೆ ಓದಲು ತಾವೇ ಇಲ್ಲ. ನನ್ನ ಕಾಲಿನ ಪಕ್ಕ ಡಾಕ್ಟರನ್ನು ನಿಲ್ಲಿಸಿ ತೆಗೆದ ಫೋಟೊ ಕೆಳಗಿನ ಮಹಡಿಯ ಬೋರ್ಡಿನಲ್ಲಿ ಹಾಕುತ್ತಾರಂತೆ, ಅದರಲ್ಲೂ ತಾವಿಲ್ಲ; ಇದನ್ನು ಅದರ ಪಕ್ಕದಲ್ಲೇ ಅಂಟಿಸು ಎಂದಿದ್ದೇನೆ. ಡಾಕ್ಟರಿಗಾದರೂ ಓದಲು ಬರುತ್ತದೆ.